ತಾಯಿ ಹಿಡಿದ ಲಾರಿ

ಬಂಪರಿಗೆ ಬಳಿದ ಕೆಂಪು ಬಣ್ಣ ತೊಟ್ಟಿಕ್ಕಿ ಕೆಳಗಿನ ಕಲ್ಲನ್ನು ತೋಯಿಸಿದ್ದೇ ಸೈದಪ್ಪನ ಗ್ರಹಚಾರಕ್ಕೆ ಮೊದಲಾಯಿತು.

ಅತನೂರಿನ ಇಳಿಜಾರಿನಲ್ಲಿ ನಿಂತ ಅವನ ಲಾರಿಗೆ ಹ್ಯಾಂಡ್‌ಬ್ರೇಕ್ ಎಂಬುದು ಹೆಸರಿಗಷ್ಟೇ ಇತ್ತು. ಮುಂದಿನ ಗಾಲಿಗೆ ಕಲ್ಲು ಕೊಟ್ಟರೆ ನಿಲ್ಲುತ್ತಿತ್ತು. ಕಲ್ಲು ತೆಗೆದರೆ ಉರುಳಿ, ಉರುಳುತ್ತಲೇ ಇಂಜಿನ್ ಶುರುವಾಗುತ್ತಿತ್ತು. ಅಂದು ಸಂಜೆಗೆ ಅದರ ವಿಮೆ ಮುಗಿಯುವುದಿತ್ತು. ಅಫಜಲಪುರಕ್ಕೆ ಬಂದಿದ್ದ ಬ್ರೇಕ್ ಇನ್ಸ್‌ಪೆಕ್ಟರು ಲಾರಿ ನೋಡಿ ಪಾಸು ಮಾಡದೆ ಹೊಸ ವಿಮೆ ಇಲ್ಲ. ವಿಮೆಯಿಲ್ಲದೆ ಲಾರಿ ರಸ್ತೆಗೆ ಇಳಿಯುವಂತಿಲ್ಲ, ಸೈದಪ್ಪನ ಮನೆಯ ಒಲೆ ಹೊತ್ತುವಂತಿಲ್ಲ. ಅದಕ್ಕೇ ಈ ಬಣ್ಣದ ಸಿಂಗಾರ.

ಬಣ್ಣ ಒಣಗಲೆಂದು ಬೇವಿನ ನೆರಳಿಗೆ ಒರಗಿದ. ಮಠದ ಕಡೆಯಿಂದ ಏಕತಾರಿಯ ನಾದ ತೇಲಿ ಬರುತ್ತಿತ್ತು. ಬೇವಿನ ಹೂ ಮೈಮೇಲೆ ಉದುರುತ್ತಿತ್ತು. ಕನಸಿನಲ್ಲಿ ಅವನ ಲಾರಿ ಭೀಮಾ ನದಿಯ ಮೇಲೆ ದೋಣಿಯಂತೆ ಸದ್ದಿಲ್ಲದೆ ಸಾಗಿತ್ತು. ಅಲ್ಲಿ ಬ್ರೇಕಿನ ಗೊಡವೆಯೇ ಇರಲಿಲ್ಲ.

ಗಂಟೆಯ ಸದ್ದಿಗೆ ಎಚ್ಚರಾದಾಗ ಗಾಲಿಯ ಮುಂದೆ ಊದಿನಕಡ್ಡಿ ಹೊಗೆಯಾಡುತ್ತಿತ್ತು. ಕೆಂಪು ಕಲ್ಲಿಗೆ ಅರಿಷಿಣ, ಹೂ. ಲಾರಿಯ ಎರಡೂ ದೀಪಗಳಿಗೆ ಕುಂಕುಮ; ಹೊಸ ಮದುಮಗಳ ಹಾಗೆ ಅದು ನಾಚಿ ನಿಂತಿತ್ತು.

"ಯವ್ವಾ, ಅದು ನಾ ಇಟ್ಟ ಕಲ್ಲು!"

ಪಕ್ಕದ ಮನೆಯ ನಿಂಬೆವ್ವ ಮುಗಿದ ಕೈ ಬಿಡದೆಯೇ ಗದರಿದಳು: "ನೀ ಏನ್ ಇಡ್ತಿಯೋ ಮೂಳ! ತಾಯಿನೇ ನಿನ್ನ ಕೈಲೆ ಇಡಿಸ್ಕೊಂಡಾಳ."

"ಇವತ್ತ ಪಾಸಿಂಗ್ ಅದ ಯವ್ವಾ, ತಗೀತೇನಿ."

"ತಗದ್ ನೋಡು. ಓಣಿ ಹೆಂಗಸ್ರೆಲ್ಲಾ ಇಲ್ಲೇ ಅದೀವಿ."

ಪಂಕ್ಚರ್ ಅಂಗಡಿಯ ಲಾಡ್ಲೆಸಾಬ ಅವನನ್ನು ಪಕ್ಕಕ್ಕೆ ಎಳೆದ. "ದೇವ್ರ ಜೋಡಿ ಜಗಳ ಬ್ಯಾಡ ಅಣ್ಣಾ. ಸಾಹೇಬ್ರನ್ನೇ ಇಲ್ಲಿಗೆ ಕರ್ಕೊಂಡ್ ಬರ್ತೇನಿ," ಎಂದವನೇ ಬಸ್ಸು ಹತ್ತಿದ.

ಹೊತ್ತು ಇಳಿಯುವಾಗ ಜೀಪು ಬಂತು. ಇನ್ಸ್‌ಪೆಕ್ಟರು ಲಾರಿ ಹತ್ತಿ ಹ್ಯಾಂಡ್‌ಬ್ರೇಕ್ ಎಳೆದರು. ಅದು ಹಸಿ ನೆಲದ ಮೂಲಂಗಿಯಂತೆ ಕೈಗೇ ಕಿತ್ತುಬಂತು.

"ಇದಿಲ್ದ ಈ ಇಳಿಜಾರಿನ್ಯಾಗ ಲಾರಿ ಹ್ಯಾಂಗ ನಿಂತದಪಾ?"

ಕಲ್ಲು ಎಂದರೆ ಕೆಲಸ ಕೆಟ್ಟಂತೆಯೇ. ಸೈದಪ್ಪ ಕಣ್ಣು ಮುಚ್ಚಿ, ಕೈ ಮುಗಿದು ಹೇಳಿದ: "ತಾಯಿ ಹಿಡದಾಳ್ರಿ, ಸಾಹೇಬ್ರ!"

ಇನ್ಸ್‌ಪೆಕ್ಟರು ಕೆಳಗಿಳಿದು ಬೂಟು ಬಿಚ್ಚಿದರು. ಕಾಯಿ ಒಡೆಸಿದರು. ಸೈದಪ್ಪ ಆಸೆಯಿಂದ ಕಾಗದ ಚಾಚಿದ.

"ತಾಯಿ ಪಾಸು," ಎಂದರು, ಹಣೆಗೆ ಅರಿಷಿಣದ ಭಂಡಾರ ಹಚ್ಚಿಕೊಳ್ಳುತ್ತ. "ಲಾರಿ ಫೇಲು. ಬ್ರೇಕ್ ಕೂಡಿಸಿ ಅಫಜಲಪುರಕ್ಕ ತಗೊಂಡ್ ಬಾ. ಆದ್ರ ಒಂದ್ ಮಾತು ತಮ್ಮಾ, ಆಕಿ ಹಿಡದದ್ದನ್ನ ಬಿಡಸಾಕ ಮಾತ್ರ ಹೋಗಬ್ಯಾಡ."

ಜೀಪಿನ ಧೂಳು ಬೇವಿನ ಹೂವಿನಂತೆ ಮೆಲ್ಲಗೆ ಇಳಿಯಿತು. ಕಿತ್ತ ಹ್ಯಾಂಡ್‌ಬ್ರೇಕ್ ಹಿಡಿದು ನಿಂತಿದ್ದ ಸೈದಪ್ಪನ ಇನ್ನೊಂದು ಕೈಗೆ ನಿಂಬೆವ್ವ ಆರತಿ ತಟ್ಟೆ ಕೊಟ್ಟಳು.

"ತಾಯಿ ಹಿಡದಾಳಂತ ನೀನೇ ಹೇಳಿದ್ಯಲ್ಲ? ಹೊತ್ತ ಮುಣಗಾಕತ್ತದ, ಆರತಿ ಮಾಡು ಪೂಜಾರಿ."