ಕಣ್ಣುಬೇನೆಯ ಮೂಲಪುರುಷ

ಸರಿರಾತ್ರಿಯಲ್ಲಿ ಯಾರೋ ಬಾಗಿಲನ್ನು ದಬದಬನೆ ಬಡಿದರು.

ವೆಲ್ಡರ್ ನಿದ್ದೆಗಣ್ಣಲ್ಲೇ ಎದ್ದು ಚಿಲಕ ಸರಿಸಿದ. ಹೊರಗೆ ಕಟ್ಟಡದ ಮಾಲೀಕಮ್ಮ ನಿಂತಿದ್ದರು. ಆ ಕತ್ತಲಲ್ಲೂ ಕಪ್ಪು ಕನ್ನಡಕ ಧರಿಸಿದ್ದರು. ತಮ್ಮ ಕಣ್ಣೊರೆಸಿಕೊಂಡು, ಅದೇ ಬೆರಳಿನಿಂದ ಅವನ ಎಡಗಣ್ಣಿನ ಕೆಳರೆಪ್ಪೆ ಎಳೆದು, ಟಾರ್ಚ್ ಬಿಟ್ಟು, ಕೊಳ್ಳುವ ಎತ್ತಿನ ಹಲ್ಲು ನೋಡುವಂತೆ ನೋಡಿ, "ಹೂಂ" ಎಂದು ಹೊರಟೇಹೋದರು.

"ಯಾರ್ರೀ ಅದು?" ಒಳಗಿನಿಂದ ಹೆಂಡತಿ ಕೇಳಿದಳು.

"ಮಾಲೀಕಮ್ಮ. ನನ್ನ ಕಣ್ಣು ನೋಡ್ಕೊಂಡು ಹೋದ್ರು."

"ಈ ಹೊತ್ನಲ್ಲಿ? ಅಂಥದ್ದೇನಿದೆ ನಿಮ್ಮ ಕಣ್ಣಲ್ಲಿ?"

ಮದುವೆಯಾದಾಗಿನಿಂದ ಇವಳಿಗೂ ಕಾಣದ್ದು ಅವರಿಗೇನು ಕಂಡಿತೋ ಎಂದುಕೊಂಡು ವೆಲ್ಡರ್ ಮತ್ತೆ ಮಲಗಿ ಮಗ್ಗುಲು ಬದಲಿಸಿದ.

ಉತ್ತರ ಬೆಳಿಗ್ಗೆ ಸಿಕ್ಕಿತು. ಮೆಟ್ಟಿಲ ಬುಡದಲ್ಲಿ ಬಾಡಿಗೆದಾರರೆಲ್ಲ ಕಪ್ಪು ಕನ್ನಡಕ ಏರಿಸಿಕೊಂಡು ಸೇರಿದ್ದರು. ಕಳ್ಳಸಾಗಣೆದಾರರ ವಾರ್ಷಿಕ ಸಭೆಯಂತಿತ್ತು. ಕಣ್ಣುಬೇನೆ ಮನೆಯಿಂದ ಮನೆಗೆ ದಾಟಿ ಹೆಚ್ಚುಕಡಿಮೆ ಇಡೀ ಕಟ್ಟಡವನ್ನು ಹಿಡಿದಿತ್ತು.

"ಇದರ ಮೂಲಪುರುಷ ನೀನೇ," ಎಂದರು ಮಾಲೀಕಮ್ಮ. "ನಮ್ಮ ಕಣ್ಣು ಕೆಂಪಾಗಿದ್ದು ಈ ವಾರ. ನಿಂದು ಬಂದ ದಿನದಿಂದ ಕೆಂಪಗೇ ಇದೆ. ರಾತ್ರಿ ಖುದ್ದಾಗಿ ನೋಡಿ ಖಾತ್ರಿ ಮಾಡ್ಕೊಂಡೆ."

"ಅಮ್ಮಾ, ಇದು ವೆಲ್ಡಿಂಗ್ ಬೆಳಕಿನ ಕೆಂಪು. ಬೇನೆಯ ಕೆಂಪಲ್ಲ."

"ಕೆಂಪಲ್ಲಿ ಎಷ್ಟು ಬಣ್ಣ ಇದೆಯಪ್ಪಾ?" ಎಂದು ಟೈಲರಕ್ಕ ಕೊಂಕು ನುಡಿದಳು.

"ಸಂಜೆಯೊಳಗೆ ಬೇನೆ ತಂದ ಮನೆ ಖಾಲಿ ಆಗ್ಬೇಕು," ಎಂದು ಮಾಲೀಕಮ್ಮ ತೀರ್ಪಿತ್ತರು. "ನೀನಲ್ಲ ಅಂತಿದ್ರೆ ಯಾರು ಅಂತ ನೀನೇ ತೋರಿಸು."

ವೆಲ್ಡರನಿಗೆ ಮನೆ ಬಿಡುವಂತಿರಲಿಲ್ಲ. ಮೆಟ್ಟಿಲ ಕೆಳಗೆ ವೆಲ್ಡಿಂಗ್ ಯಂತ್ರ ಇಡಲು ಒಪ್ಪಿದ ಮಾಲೀಕರು ಊರಿನಲ್ಲಿ ಇವರೊಬ್ಬರೇ. ಹೆಂಡತಿಯೋ, "ಖಾಲಿ ಮಾಡಿದ್ರೆ ಏನಂತೆ, ಅಮ್ಮನ ಮನೆಗೆ ಹೋಗೋಣ," ಎಂದು ಆಗಲೇ ಪಾತ್ರೆ ಎತ್ತಿಡತೊಡಗಿದಳು. ಕಳೆದ ವಾರವಷ್ಟೇ ಅತ್ತೆ ಬಂದು ಹೋಗಿದ್ದರು. ಅಳಿಯನ ಮನೆಯ ಶುಚಿತ್ವದಲ್ಲಿ ನಂಬಿಕೆಯಿಲ್ಲದೆ ತಟ್ಟೆ, ಟವೆಲು, ದಿಂಬುಗಳನ್ನೆಲ್ಲ ತಾವೇ ಹೊತ್ತು ತಂದಿದ್ದರು. ಇದ್ದಷ್ಟು ದಿನ ಮಗಳ ಪಾಡು ನೋಡಲಾರೆನೆಂದು ಧಾರಾಕಾರ ಕಣ್ಣೀರು ಸುರಿಸಿದ್ದರು. ಆ ಕಣ್ಣೀರಿನ ನೆರಳಲ್ಲಿ ಬಾಳುವುದಕ್ಕಿಂತ ಕಾದ ಕಬ್ಬಿಣವನ್ನು ತಲೆದಿಂಬು ಮಾಡಿಕೊಳ್ಳುವುದೇ ಮೇಲೆನಿಸಿತು.

ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರು ಅವನನ್ನು ಪಕ್ಕಕ್ಕೆ ಕರೆದರು. "ಬೇನೆಗೆ ಕಾಲಿಲ್ಲ ಕಣಯ್ಯಾ. ಯಾವುದೋ ಬೆರಳೋ ಬಟ್ಟೆಯೋ ಅದನ್ನ ಹೊತ್ಕೊಂಡು ಹೋಗ್ಬೇಕು. ಮೊದಲು ಯಾರಿಗೆ ಬಂತು, ಆಮೇಲೆ ಯಾರಿಗೆ, ಎಲ್ಲರಿಗೂ ತಾಗಿದ್ದೇನು ಅಂತ ಕೇಳು. ಬರದೇ ಇದ್ದವರನ್ನೂ ಬಿಡಬೇಡ. ಅವರು ಏನು ಮಾಡ್ಲಿಲ್ಲ ಅನ್ನೋದ್ರಲ್ಲೇ ಗುಟ್ಟಿರತ್ತೆ." ಹೀಗೆ ಬೋಧಿಸಿ, ಕಣ್ಣುಜ್ಜಿಕೊಂಡು, ಅದೇ ಕೈಯಿಂದ ಅವನ ಕೆನ್ನೆ ತಟ್ಟಿದರು.

ವಿಚಾರಣೆ ಸುಲಭವಾಗಿರಲಿಲ್ಲ. "ನನ್ನ ಕಣ್ಣು ನೋಡ್ಬೇಡ, ನೋಡಿದ್ರೆ ಅಂಟತ್ತೆ," ಎಂದು ಟೈಲರಕ್ಕ ಅವನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದಳು.

"ನೀವು ಕನ್ನಡಕ ಹಾಕಿದ್ದೀರಲ್ಲಕ್ಕಾ?"

"ನೀನು ಹಾಕಿಲ್ವಲ್ಲ."

ಗೋಡೆಯನ್ನೇ ಪ್ರಶ್ನಿಸಿ ಮುಂದಿನ ಮನೆಗೆ ಹೋದರೆ, ಬಾಗಿಲು ತೆರೆಯುವ ಮೊದಲು ಕಿಟಕಿಯಿಂದ ಒಂದು ಚೊಂಬು ಸೋಪುನೀರು ಬಂತು. ಸ್ನಾನದ ನಡುವೆ ಎದ್ದು ಬಂದವನಂತೆ ನೊರೆ ಸುರಿಸುತ್ತ ಅವನು ಉಳಿದ ಮನೆಗಳನ್ನು ಸುತ್ತಿದ. ಎಲ್ಲರೂ ಮುಟ್ಟುವುದು ಮೆಟ್ಟಿಲ ಕಂಬಿಯನ್ನು ಎಂಬುದರಲ್ಲಿ ಮಾತ್ರ ಒಮ್ಮತವಿತ್ತು.

"ಆ ಕಂಬಿ ಬೆಸೆದಿದ್ದು ಯಾರು?" ಕೆಳಗಿನಿಂದ ಮಾಲೀಕಮ್ಮ ಕೇಳಿದರು.

ಬೆಸೆದ ವೆಲ್ಡರ್ ಬ್ರಷ್ ಹಿಡಿದು ಕಂಬಿ ಉಜ್ಜತೊಡಗಿದ. ತುದಿ ಮುಟ್ಟುವಾಗ ಮೇಲಿನ ಮನೆಯ ಪೋಸ್ಟ್‌ಮ್ಯಾನ್ ಎದುರಾದ. ಅವನ ಕಣ್ಣು ತೊಳೆದ ಪಿಂಗಾಣಿಯಷ್ಟು ಬಿಳಿ.

"ನೀನು ಈ ಕಂಬಿ ಹಿಡಿಯಲ್ವಾ?"

"ಹಿಡೀದೆ ಹಾರ್ಕೊಂಡು ಹೋಗ್ತೀನಾ? ದಿನಾ ಹಿಡೀತೀನಿ."

ಹಾಗಾದರೆ ಕಂಬಿಯಲ್ಲ. ವೆಲ್ಡರನಿಗೆ ಮೇಷ್ಟ್ರ ಪಾಠ ನೆನಪಾಯಿತು. "ಮತ್ತೆ ಎಲ್ಲರೂ ಮಾಡಿ ನೀನು ಮಾಡದೆ ಇದ್ದಿದ್ದು ಏನು?"

"ಹಗಲು ನಾನು ಮನೇಲಿದ್ರೆ ತಾನೆ ಏನಾದ್ರೂ ಮಾಡೋಕೆ. ಹೋದ ಶನಿವಾರ ಕೆಳಗಿನ ಮನೆ ಕಾಂಪೌಂಡರ್ ಮಾವ ಎಲ್ಲರಿಗೂ ಕಣ್ಣಿಗೆ ಡ್ರಾಪ್ಸ್ ಹಾಕಿದಾಗ್ಲೂ ನಾನು ಸಿಗ್ಲಿಲ್ಲ."

ವೆಲ್ಡರ್ ಬ್ರಷ್ ಕೆಳಗಿಟ್ಟ. ಆ ದಿನ ಅವನೂ ಕೆಲಸಕ್ಕೆ ಹೋಗಿದ್ದ; ಹೆಂಡತಿ ಅಮ್ಮನನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದಳು. ಡ್ರಾಪ್ಸ್ ಬೀಳದ ಮನೆಗಳಿಗೆ ಬೇನೆಯೂ ಬಂದಿಲ್ಲ.

ನಿವೃತ್ತ ಕಾಂಪೌಂಡರ್ ಮಾವ ಹೆಮ್ಮೆಯಿಂದ ಬಾಟಲಿ ತೋರಿಸಿದರು.

"ಎಲ್ಲರಿಗೂ ಇದೊಂದೇನಾ ಮಾವ? ಮೂತಿ ಕಣ್ಣಿಗೆ ತಾಗಿಸಿ ಹಾಕ್ತೀರಾ?"

"ಕೈ ನಡುಗತ್ತಪ್ಪ. ತಾಗಿಸದೆ ಹಾಕಿದ್ರೆ ಕಿವಿಗೆ ಬೀಳತ್ತೆ."

"ಬೇನೆ ಬಂದವರಿಗೆ ಹಾಕಿದ್ದಾ?"

"ಬರೋಕೆ ಮುಂಚೆನೇ. ಮುಂಜಾಗ್ರತೆ."

"ಆಮೇಲೆ?"

"ಆಮೇಲೆ ಬಂತಲ್ಲ. ನೋಡು, ಎಂಥ ಸಮಯಕ್ಕೆ ಸರಿಯಾಗಿ ಹಾಕಿದೀನಿ."

ವೆಲ್ಡರ್ ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕಿದ. ಬೆಳಗಿನಿಂದ ಅವನು ಮಾತಾಡಿಸಿದ್ದು ಗೋಡೆಗಳನ್ನೇ. ಅವೇ ಇದಕ್ಕಿಂತ ವಿವೇಕದಿಂದ ನಡೆದುಕೊಂಡಿದ್ದವು.

ಸಂಜೆ ಸಭೆ ಮತ್ತೆ ಸೇರಿತು. ಒಬ್ಬರ ಕಣ್ಣಿನಿಂದ ಬಾಟಲಿಯ ಮೂತಿಗೆ, ಮೂತಿಯಿಂದ ಇನ್ನೊಬ್ಬರ ಕಣ್ಣಿಗೆ ಬೇನೆ ಸವಾರಿ ಮಾಡಿದ ಬಗೆಯನ್ನು ವೆಲ್ಡರ್ ವಿವರಿಸಿದ. ಮೇಷ್ಟ್ರು ಪಾಠ ಒಪ್ಪಿಸಿದ ಹುಡುಗನಿಗೆಂಬಂತೆ ತಲೆದೂಗಿದರು.

"ಹಾಗಾದ್ರೆ ಕಾಂಪೌಂಡರ್ ಮನೆನೇ ಖಾಲಿಯಾಗ್ಲಿ," ಎಂದರು ಮಾಲೀಕಮ್ಮ.

"ಬಾಟಲಿ ನಂದಲ್ಲಮ್ಮ," ಎಂದು ಕಾಂಪೌಂಡರ್ ಮಾವ ಗಾಬರಿಯಾದರು. "ಯಾರೋ ಅರ್ಧ ಬಳಸಿದ್ದು. 'ನನಗೀಗ ಉರಿ ಕಡಿಮೆ, ಮಿಕ್ಕಿದ್ದು ನಾಲ್ಕು ಜನಕ್ಕಾಗ್ಲಿ' ಅಂತ ಕೊಟ್ಟು ಹೋದ್ರು. ಒಳ್ಳೇ ಮನಸ್ಸು, ಪಾಪ."

ವೆಲ್ಡರನಿಗೆ ಜೀವ ಬಂತು. "ಅಂದ್ರೆ ಬೇನೆ ತಂದಿದ್ದು ಬಾಟಲಿ ಕೊಟ್ಟವರು. ಅವರು ಯಾವ ಮನೆಯವರೋ ಆ ಮನೆ ಖಾಲಿ. ಆಮೇಲೆ ಮಾತು ಬದಲಾಯಿಸಬಾರದಮ್ಮ."

"ನನಗಿರೋದು ಒಂದೇ ನಾಲಿಗೆ."

ಅಷ್ಟಕ್ಕೇ ಬಿಡದೆ ಅವನು ಎಲ್ಲರಿಂದಲೂ ಕೈ ಎತ್ತಿಸಿ ಒಪ್ಪಿಗೆ ಪಡೆದ. ಎಡಗಣ್ಣು ಆಗಲೇ ಚುರುಗುಟ್ಟುತ್ತಿತ್ತು. ಅದನ್ನು ಉಜ್ಜಿಕೊಳ್ಳುತ್ತ ಗೆದ್ದವನ ಗತ್ತಿನಲ್ಲಿ ಕಾಂಪೌಂಡರ್ ಮಾವನತ್ತ ತಿರುಗಿದ.

"ಈಗ ಹೇಳಿ ಮಾವ. ಯಾರ ಮುಲಾಜೂ ಬೇಡ. ಬಾಟಲಿ ಕೊಟ್ಟವರು ಯಾರು?"

"ನಿಮ್ಮ ಅತ್ತೆ ಕಣಪ್ಪ."