ಶಾಹೀನಳ ರೋಜಾ, ನನ್ನ ಚಮಚ

ಆ ಬೇಸಿಗೆಯಲ್ಲಿ ನಮ್ಮ ಓಣಿಯ ಮಕ್ಕಳ ಪ್ರಾಣವೆಲ್ಲ ನನ್ನ ಕೈಯಲ್ಲಿತ್ತು. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ತೀರ್ಮಾನಿಸಿಕೊಂಡಿದ್ದೆ.

ಅದಕ್ಕೆ ಕಾರಣವೂ ಇತ್ತು. ನಾನು ಆಗ ಚಿತ್ತಾಪುರದಲ್ಲಿ ವಿಜ್ಞಾನದ ಮಾಸ್ತರ. ಪರೀಕ್ಷೆಗಳು ಮುಗಿದ ಮೇಲೆ ನಮ್ಮನ್ನು ಗುಲಬರ್ಗಾಕ್ಕೆ ಕರೆಸಿ, ಬಿಸಿಲಿನ ಹೊಡೆತದಿಂದ ಮಕ್ಕಳನ್ನು ಕಾಪಾಡುವುದು ಹೇಗೆ ಎಂದು ಒಂದು ದಿನದ ತರಬೇತಿ ಕೊಟ್ಟರು. ಎರಡು ಸಲ ಚಹಾ, ನಾಲ್ಕು ಬಿಸ್ಕೀಟು, ಅಚ್ಚು ಹಾಕಿದ ಒಂದು ಹಾಳೆ. ಊಟದ ಮೇಲೆ ನನಗೆ ನಿದ್ದೆ ಹತ್ತಿದ್ದರಿಂದ ತರಬೇತಿಯ ಉತ್ತರಾರ್ಧ ತಪ್ಪಿಹೋಯಿತು. ಆದರೆ ಹಾಳೆ ಪೂರ್ತಿ ಸಿಕ್ಕಿತ್ತು. ಮರಳಿ ಬರುವಾಗ ಬಸ್ಸಿನಲ್ಲಿ ಅದನ್ನು ಮೂರು ಸಲ ಓದಿದೆ. ಗುಲಬರ್ಗಾದಲ್ಲಿ ಬಸ್ಸು ಹತ್ತಿದವನು ಮಾಸ್ತರ. ಚಿತ್ತಾಪುರದಲ್ಲಿ ಇಳಿದವನು ಅರ್ಧ ಡಾಕ್ಟರ.

ನಮ್ಮದು ಪರಸಿ ಕಲ್ಲು ಹಾಸಿದ ಓಣಿ. ಬೇಸಿಗೆಯಲ್ಲಿ ಹನ್ನೊಂದು ಗಂಟೆಯಾದರೆ ಬರಿಗಾಲಿನಲ್ಲಿ ಅದನ್ನು ದಾಟುವವರೆಲ್ಲ ಕುಣಿಯುತ್ತಲೇ ದಾಟಬೇಕು. ಮಕ್ಕಳಿಗೆ ಮಾತ್ರ ಅದು ಲೆಕ್ಕಕ್ಕಿಲ್ಲ. ನನ್ನ ಮಗಳು ಸುವರ್ಣಾ, ಐದು ವರ್ಷದ ಮಗ ಬಸು, ಎದುರುಮನೆಯ ಖಾಜಾಮಿಯಾ ಅವರ ಮಗಳು ಶಾಹೀನ್, ಮೂವರೂ ದಿನವಿಡೀ ಹೊರಗೇ ಇರುತ್ತಿದ್ದರು. ಅವರನ್ನು ಉಳಿಸಲು ನಾನು ಮೊದಲನೆಯ ಕ್ರಮ ಕೈಗೊಂಡೆ: ಉಪ್ಪು ಸಕ್ಕರೆಯ ನೀರು. ಹಾಳೆಯಲ್ಲಿ ಒಂದು ಚಿಟಿಕೆ ಉಪ್ಪು ಎಂದು ಬರೆದಿತ್ತು. ಅದು ಬೆಂಗಳೂರಿನ ಬಿಸಿಲಿಗೆ ಹೇಳಿದ ಚಿಟಿಕೆ ಇರಬೇಕು, ನಮ್ಮ ಬಿಸಿಲಿಗೆ ಎಲ್ಲಿ ಸಾಕಾದೀತು? ನಾನು ಒಂದು ಹಿಡಿ ಹಾಕಿದೆ. ಮೂವರೂ ಸಾಲಾಗಿ ನಿಂತು ಕುಡಿದರು, ಸಾಲಾಗಿಯೇ ವಾಂತಿ ಮಾಡಿದರು.

"ಮಕ್ಕಳು ಬಿಸಲಾಗ ಛಲೋನೇ ಇದ್ರು. ನೀವು ನೆರಳಿಗಿ ಕರದು ಕೆಡವಿದ್ರಿ ನೋಡ್ರಿ" ಎಂದು ನನ್ನ ಹೆಂಡತಿ ಮಹಾದೇವಿ ನೆಲ ಒರೆಸಿದಳು.

ವಿಜ್ಞಾನಿಗಳಿಗೆ ಮನೆಯಲ್ಲಿ ಮರ್ಯಾದೆ ಸಿಕ್ಕ ಉದಾಹರಣೆ ಚರಿತ್ರೆಯಲ್ಲಿಲ್ಲ ಎಂದು ಸುಮ್ಮನಾದೆ.

ಆ ವರ್ಷ ರಂಜಾನ್, ಅಂದರೆ ರೋಜಾ ಉಪವಾಸದ ತಿಂಗಳು, ಸರಿಯಾಗಿ ಮೇ ತಿಂಗಳ ಬಿಸಿಲಿಗೇ ಬಂದಿತ್ತು. ಖಾಜಾಮಿಯಾ ದರ್ಜಿ. ಹಬ್ಬದ ಬಟ್ಟೆಗಳ ನಡುವೆ ಅವರಿಗೆ ತಲೆ ತುರಿಸಿಕೊಳ್ಳಲೂ ಪುರಸೊತ್ತಿರಲಿಲ್ಲ. ಅಂಥವರು ಒಂದು ದಿನ ಬೆಳಿಗ್ಗೆ ಕೊರಳಿಗೆ ಟೇಪು ಹಾಕಿಕೊಂಡೇ ನಮ್ಮ ಬಾಗಿಲಿಗೆ ಬಂದರು. ಅವರು ಆಗ ಹೇಳಿದ್ದು ಇಷ್ಟು:

"ಮಾಸ್ತರ್ರೆ, ಇವತ್ತ ನಮ್ಮ ಶಾಹೀನ್ ಮೊದಲನೇ ರೋಜಾ ಹಿಡದಾಳ್ರಿ. ಸಣ್ಣಾಕಿ ಇದ್ದಿ, ಈಗ ಬ್ಯಾಡ ಅಂದ್ರೂ ಕೇಳವಲ್ಲಳು. ಹೋದ ವರ್ಷದಿಂದ ಹಟ ಹಿಡದಾಳ. ಸಂಜೀಕ ರೋಜಾ ಬಿಡೋ ಹೊತ್ತಿಗಿ ಅಕಿಗಿ ಹಾರ ಹಾಕೋದದ. ಸೇಡಮದಿಂದ, ವಾಡಿಯಿಂದ ನೆಂಟ್ರು ಬರಲಿಕತ್ತಾರ. ನೀವೂ ಎಲ್ಲಾರೂ ಬರಬೇಕ್ರಿ."

ಇದೆಲ್ಲ ನನಗೆ ಆಮೇಲೆ ಮಹಾದೇವಿಯ ಬಾಯಿಂದ ತಿಳಿದದ್ದು. ಅವರು ಹೇಳುತ್ತಿದ್ದಾಗ ನಾನೂ ಅಲ್ಲಿಯೇ ಇದ್ದೆ, ಅವರ ಮುಖವನ್ನೇ ನೋಡುತ್ತಿದ್ದೆ, ನಾಲ್ಕೈದು ಸಲ ತಲೆಯನ್ನೂ ಆಡಿಸಿದೆ. ಆದರೆ ಅವರ ಮಾತು ಮುಗಿದ ಕೂಡಲೇ ಬಿಸಿಲಿನ ಹೊಡೆತದ ಐದು ಲಕ್ಷಣಗಳನ್ನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಜೋಡಿಸಿಕೊಂಡು ಹೇಳಿಯೂ ಬಿಟ್ಟೆ. ಆ ಪುಣ್ಯಾತ್ಮ ಐದನ್ನೂ ಕೇಳಿಸಿಕೊಂಡು, "ಹೌದ್ರಿ, ಭಾಳ ಬಿಸಲದ" ಎಂದು ಹೋದರು.

"ಖಾಜಾಭಾಯ್ ಹೇಳಿದ್ದು ಕೇಳಿದ್ರಿಲ್ಲ?" ಎಂದು ಊಟಕ್ಕೆ ಬಡಿಸುವಾಗ ಮಹಾದೇವಿ ಕೇಳಿದಳು.

"ಎಲ್ಲಾ ಕೇಳೀನಿ" ಎಂದೆ.

ಸಂಜೆ ನಾಲ್ಕೂವರೆಗೆ ಓಣಿಯಲ್ಲಿ ಒಂದು ಕಾಗೆಯೂ ಇರಲಿಲ್ಲ. ಮಹಾದೇವಿ, ಮಕ್ಕಳು ಮಲಗಿದ್ದರು. ಖಾಜಾಮಿಯಾ ಅಂಗಡಿಯಲ್ಲಿದ್ದರು, ಅವರ ಮನೆಯ ಹೆಂಗಸರು ಹಿಂದಿನ ಅಡುಗೆಮನೆಯಲ್ಲಿದ್ದರು. ನಾನು ಓಣಿಯ ತಪಾಸಣೆಗೆ ಹೊರಬಂದೆ. ಎದುರುಮನೆಯ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿ ಶಾಹೀನ್ ಒಬ್ಬಳೇ ಕುಳಿತಿದ್ದಳು. ಗೋಡೆಗೆ ತಲೆ ಆನಿಸಿದ್ದಳು. ಕಣ್ಣು ಅರ್ಧ ಮುಚ್ಚಿತ್ತು, ತುಟಿ ಒಣಗಿತ್ತು. ಹಾಳೆಯ ಪ್ರಕಾರ ಮೊದಲ ಮೂರು ಲಕ್ಷಣಗಳು.

"ಯಾಕ ಶಾಹೀನ್, ಏನಾತು?"

ತುಟಿ ಬಿಗಿಹಿಡಿದು ಬರೀ ತಲೆ ಅಲ್ಲಾಡಿಸಿದಳು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಗಟಾರಿಗೆ ಉಗುಳಿದಳು. ಬಂದು ಕುಳಿತಳು. ಮತ್ತೆ ಎದ್ದಳು, ಮತ್ತೆ ಉಗುಳಿದಳು. ಆಮೇಲೆ ಗೊತ್ತಾದದ್ದು: ಉಗುಳು ನುಂಗಿದರೂ ರೋಜಾ ಮುರಿಯುತ್ತದೆಂದು ಸುವರ್ಣಾ ಅವಳಿಗೆ ಅಧಿಕಾರವಾಣಿಯಲ್ಲಿ ಹೇಳಿದ್ದಳಂತೆ. ಅದಕ್ಕಾಗಿ ಆ ಹುಡುಗಿ ಬೆಳಗಿನಿಂದ ಬಾಯಲ್ಲಿ ಉಗುಳು ತುಂಬಿಕೊಂಡು, ಯಾರೊಂದಿಗೂ ಮಾತಿಲ್ಲದೆ ಕುಳಿತಿದ್ದಳು. ಸುವರ್ಣಾಳಿಗೆ ಈ ಜ್ಞಾನ ಎಲ್ಲಿಂದ ಬಂತೋ ತಿಳಿಯದು. ತಿಳಿಯದ್ದನ್ನು ಧೈರ್ಯವಾಗಿ ಹೇಳುವುದನ್ನು ಮಾತ್ರ ನನ್ನಿಂದ ಕಲಿತಿರಬೇಕು.

ನಾನು ಒಳಗೆ ಓಡಿ ಒಂದು ಲೋಟ ನೀರು, ಒಂದು ಚಮಚ ತಂದೆ. ನೀರು ಕಂಡದ್ದೇ ತಡ, ಶಾಹೀನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ಲೋಟ ಮುಂದೆ ಹಿಡಿದೆ; ಅವಳು ಬೇವಿನ ಗಿಡದ ಸುತ್ತ ಓಡಿದಳು. ತುಟಿಯ ಅಂಚಿನಲ್ಲಿ ನೊರೆ ಕಾಣಿಸಿತು.

ಹಿಂದಿನ ವಾರವಷ್ಟೇ ಬಸ್‌ಸ್ಟ್ಯಾಂಡಿನ ಕಡೆ ಒಂದು ಹುಚ್ಚುನಾಯಿ ಬಂದಿತ್ತೆಂದು ಸುದ್ದಿ ಇತ್ತು. ನೀರಿನ ಭಯ, ಬಾಯಲ್ಲಿ ನೊರೆ, ಮಾತಿಲ್ಲ. ಹಾಳೆಯಲ್ಲಿ ಇಲ್ಲದ ರೋಗವನ್ನೂ ಗುರುತಿಸಬಲ್ಲೆ ಎಂಬ ಹೆಮ್ಮೆ ಆ ಗಾಬರಿಯಲ್ಲೂ ಒಂದು ಮೂಲೆಯಲ್ಲಿ ತಲೆ ಎತ್ತಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಆದರೆ ನಾನು ವಿಜ್ಞಾನದ ಮಾಸ್ತರ. ಪ್ರಯೋಗ ಮಾಡದೆ ತೀರ್ಮಾನಕ್ಕೆ ಬರುವವನಲ್ಲ. ಹುಡುಗಿ ನೀರು ಕುಡಿದರೆ ಇದು ಬರೀ ಬಿಸಿಲಿನ ಹೊಡೆತ, ಕುಡಿಯದಿದ್ದರೆ ಹುಚ್ಚುನಾಯಿ. ಇಡೀ ಪ್ರಶ್ನೆ ಒಂದು ಚಮಚ ನೀರಿನ ಮೇಲೆ ನಿಂತಿತ್ತು. ಕಚ್ಚಿಯಾಳೆಂಬ ಭಯದಿಂದ ಹೆಗಲ ಮೇಲಿನ ಟವೆಲನ್ನು ಎಡಗೈಗೆ ಸುತ್ತಿಕೊಂಡೆ. ಶಾಹೀನಳನ್ನು ಹಿಡಿದು ಕಂಕುಳಲ್ಲಿ ಅವುಚಿಕೊಂಡು, ಮೂಗು ಒತ್ತಿ ಹಿಡಿದೆ. ಉಸಿರಿಗಾಗಿ ಬಾಯಿ ತೆರೆಯಲೇಬೇಕಾಯಿತು. ಚಮಚ ಒಳಗೆ ಹೋಯಿತು. ಗುಟುಕ್ ಎಂದಿತು.

"ಕುಡದಾಳ!" ಎಂದು ನಾನು ಓಣಿಗೆಲ್ಲ ಕೇಳುವಂತೆ ಕೂಗಿದೆ. "ಯಾರೂ ಅಂಜಬ್ಯಾಡ್ರಿ, ಹುಚ್ಚುನಾಯಿ ಅಲ್ಲ!"

ಬಾಗಿಲುಗಳು ತೆರೆದವು. ಹೊಗಳಿಕೆಗಾಗಿ ಕಾಯುತ್ತ, ಬೆವರು ಒರೆಸಿಕೊಳ್ಳುತ್ತ ನಿಂತೆ. ಆಗ ಶಾಹೀನ್ ಆ ದಿನದ ಮೊದಲ ಮಾತು ಆಡಿದಳು.

"ನನ್ನ ರೋಜಾ ಹೋತು."

ಜೋರಾಗಿಯೇನೂ ಹೇಳಲಿಲ್ಲ. ಹೇಳಿ ಕಟ್ಟೆಯ ಮೇಲೆ ಕುಳಿತು, ಮೊಣಕಾಲಿನಲ್ಲಿ ಮುಖ ಮುಚ್ಚಿಕೊಂಡಳು. ನಮ್ಮ ಬಾಗಿಲಲ್ಲಿ ನಿದ್ದೆಗಣ್ಣಿನ ಸುವರ್ಣಾ ನಿಂತಿದ್ದಳು. "ಅಪ್ಪಾ, ಅಕಿ ನಸುಕಿನಿಂದ ಒಂದು ಹನಿ ಕುಡದಿಲ್ಲ. ಇನ್ನ ಎರಡೇ ತಾಸು ಉಳದಿತ್ತು" ಎಂದಳು. ಅವಳ ಹಿಂದೆ ಮಹಾದೇವಿ. ಎದುರುಮನೆಯಿಂದ ಖಾಜಾಮಿಯಾ ಅವರ ತಾಯಿ, ಮಕ್ಕಳೆಲ್ಲ ದಾದಿ ಎನ್ನುವ ಮುದುಕಿ, ಬಂದರು. ಅವರ ಕೈಯಲ್ಲಿ ಅರ್ಧ ಕಟ್ಟಿದ ಮಲ್ಲಿಗೆಯ ಹಾರವಿತ್ತು. ನನ್ನ ಕೈಯಲ್ಲಿ ಚಮಚವಿತ್ತು. ಅದನ್ನು ಎಲ್ಲಿ ಮುಚ್ಚಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡೆ.

"ಹೋಗಲಿ ಬಿಡ್ರಿ ಮಾಸ್ತರ್ರೆ. ಕೂಸಿನ ಜೀವಕ್ಕ ಅಂಜಿ ಮಾಡೀರಿ, ನೀವೇನು ಬೇಕಂತ ಮಾಡೀರೇನು?" ಎಂದರು ದಾದಿ. ಅವರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮೊಮ್ಮಗಳ ತಲೆ ಸವರುತ್ತ, "ನೀ ಸಣ್ಣಾಕಿ ಇದ್ದಿ ಬೇಟಾ. ದೇವ್ರಿಗಿ ಎಲ್ಲಾ ಗೊತ್ತದ. ನಿನ್ನ ರೋಜಾ ಎಲ್ಲೂ ಹೋಗಿಲ್ಲ" ಎಂದರು.

ಶಾಹೀನ್ ಒಪ್ಪಲಿಲ್ಲ. "ಹೊಟ್ಟ್ಯಾಗ ಹೋಗ್ಯಾದ ದಾದಿ. ನಂಗೆ ಗೊತ್ತಾತು. ತಣ್ಣಗ ಹೋತು."

ಸಂಜೆ ನೆಂಟರು ಬಂದರು, ಉಂಡರು. ಶಾಹೀನ್ ಜರಿಯ ಲಂಗ ಉಡಲಿಲ್ಲ. ಹಾರಕ್ಕೆ ಕೊರಳು ಕೊಡಲಿಲ್ಲ. ನಾಳೆ ಮತ್ತೆ ಹಿಡಿಯುತ್ತೇನೆ, ನಾಳೆಯೇ ಹಾಕಿ ಎಂದಳು. ನೆಂಟರು ಮಗುವಿಗಾಗಿ ಒಂದು ದಿನ ಉಳಿಯಲು ಒಪ್ಪಿದರು. ಶಾಹೀನಳದು ಒಂದೇ ಕರಾರು. ಅದನ್ನು ಖಾಜಾಮಿಯಾ ನಾಚುತ್ತ ನನ್ನ ಕಿವಿಗೆ ಹಾಕಿದರು: "ಸಿಟ್ಟಾಗಬ್ಯಾಡ್ರಿ. ನಾಳಿ ಸಂಜಿತನ ಮಾಸ್ತರ್ರು ಹೊರಗ ಬರಬಾರದು ಅನ್ಲಿಕತ್ತಾಳ."

ನಾನು ಒಪ್ಪಿದೆ. ಅಷ್ಟಕ್ಕೇ ಸುಮ್ಮನಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾಚಿಕೆಯಾದಾಗ ಕೆಲವರು ಮೌನವಾಗುತ್ತಾರೆ, ಕೆಲವರು ಭಾಷಣ ಮಾಡುತ್ತಾರೆ. ಎಲ್ಲರೆದುರು ಎದೆಯ ಮೇಲೆ ಕೈಯಿಟ್ಟು, "ಪ್ರಾಯಶ್ಚಿತ್ತಕ್ಕ ನಾಳಿ ನಾನೂ ಶಾಹೀನ್ ಕೂಡ ರೋಜಾ ಇರ್ತೀನಿ" ಎಂದು ಘೋಷಿಸಿದೆ.

"ಶಿವರಾತ್ರಿ ದಿನ ಹನ್ನೊಂದು ಹೊಡೀಲಿಲ್ಲ, ಸಾಬೂದಾಣಿ ಎಲ್ಲದ ಅಂತ ಕೇಳೋರು ನೀವು" ಎಂದು ಮಹಾದೇವಿ ಮನೆಗೆ ಬಂದ ಮೇಲೆ ನೆನಪಿಸಿದಳು. ನಾನು ಕೇಳಿಸದವನಂತೆ ಇದ್ದೆ. ಆ ವಿದ್ಯೆ ನನಗೆ ಸಿದ್ಧಿಸಿತ್ತು.

ನಸುಕಿನಲ್ಲಿ ದಾದಿ ಕಳಿಸಿದ ರೊಟ್ಟಿ, ಖೀಮಾದ ಬದಲು ನನಗಾಗಿಯೇ ಮಾಡಿದ ಬದನೆಕಾಯಿ, ಮೊಸರು, ಎಲ್ಲವನ್ನೂ ಎರಡು ದಿನಕ್ಕಾಗುವಷ್ಟು ತಿಂದೆ. ಎಂಟು ಗಂಟೆಯವರೆಗೆ ನನಗೆ ರೋಜಾ ಎಂದರೆ ಏನೂ ಅಲ್ಲ ಅನಿಸಿತು. ಹತ್ತಕ್ಕೆ ಗಡಿಯಾರ ಕೆಟ್ಟಿದೆ ಎಂದು ಕೀಲಿ ಕೊಟ್ಟೆ. ಹನ್ನೆರಡಕ್ಕೆ ನಾಲಿಗೆ ಬಾಯಲ್ಲಿ ಯಾರದೋ ಚಪ್ಪಲಿ ಇಟ್ಟಂತಾಯಿತು. ಸುವರ್ಣಾ ಹೊರಬಾಗಿಲಲ್ಲಿ ಮಣೆ ಹಾಕಿಕೊಂಡು ನನ್ನನ್ನು ಕಾಯುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಹೊರಬಾಗಿಲನ್ನು. ನೀರಿನ ಮಡಕೆ ಒಳಗಿತ್ತು.

ಎರಡು ಗಂಟೆಗೆ ನಾನು ಒಳಗೆ ಹೋದದ್ದು ಮಡಕೆ ಸೋರುತ್ತಿದೆಯೇ ಎಂದು ನೋಡಲು. ಸೋರುತ್ತಿರಲಿಲ್ಲ. ತಣ್ಣಗಿದೆಯೇ ಎಂದು ಕೈಯಿಟ್ಟೆ. ತಣ್ಣಗಿತ್ತು. ಬಾಯಿ ಮುಕ್ಕಳಿಸಲು ಅಡ್ಡಿಯಿಲ್ಲವಲ್ಲ ಎಂದು ಒಂದು ಲೋಟ ಬಗ್ಗಿಸಿದೆ. ಆ ನೀರು ಎಲ್ಲಿ ಹೋಯಿತೆಂದು ನನಗೆ ತಿಳಿಯುವಷ್ಟರಲ್ಲಿ ಎರಡನೆಯ ಲೋಟವೂ ಮುಗಿದಿತ್ತು. ತಿರುಗಿ ನೋಡಿದರೆ ಬಾಗಿಲ ಸಂದಿಯಲ್ಲಿ ಬಸು. ಕಣ್ಣು ಪಿಳಕಿಸದೆ ನೋಡುತ್ತಿದ್ದ.

"ಯಾರಿಗೂ ಹೇಳಬ್ಯಾಡ ನಮ್ಮಪ್ಪ" ಎಂದು ಅವನ ಕೈಗೆ ಎರಡು ಪೆಪ್ಪರಮಿಂಟು ಇಟ್ಟೆ. ಶಾಲೆಯಲ್ಲಿ ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಕೈ ಅದು. ಬಸು ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಹೊರಗೆ ಹೋದ.

ಸಂಜೆ ಎದುರುಮನೆಯ ಅಂಗಳದಲ್ಲಿ ಜಮಖಾನ ಹಾಸಿದ್ದರು. ಜರಿಯ ಲಂಗ ಉಟ್ಟು, ಹಾರ ಹಾಕಿಕೊಂಡು ಶಾಹೀನ್ ನಡುವೆ ಕುಳಿತಿದ್ದಳು. ಮುಖ ಬಾಡಿತ್ತು, ಆದರೆ ಬೆನ್ನು ನೆಟ್ಟಗಿತ್ತು. ನಾನು ಹಿಂದಿನ ಸಾಲಿನಲ್ಲಿ ಕೂರಲು ಹೋದರೆ ಖಾಜಾಮಿಯಾ ಕೈಹಿಡಿದು ಅವಳ ಪಕ್ಕದಲ್ಲೇ ಕೂರಿಸಿದರು. "ಹುಡುಗಿ ಸಲುವಾಗಿ ನಮ್ಮ ಮಾಸ್ತರ್ರು ಇವತ್ತ ರೋಜಾ ಹಿಡದಾರ" ಎಂದು ಎಲ್ಲರಿಗೂ ಹೇಳಿದರು. ಸೇಡಮದಿಂದ ಬಂದಿದ್ದ ಹಿರಿಯರೊಬ್ಬರು ಎದ್ದು ಬಂದು, ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಅವರ ಕಣ್ಣು ತೇವವಾಗಿತ್ತು.

ಆಗ ಹೇಳಬೇಕಾಗಿತ್ತು. ಹೇಳಲಿಲ್ಲ. ದಾದಿ ನನಗೂ ಒಂದು ಹಾರ ತಂದು ಹಾಕಿದರು. ಆಗಲೂ ಹೇಳಬೇಕಾಗಿತ್ತು. ಕೊರಳು ಬಗ್ಗಿಸಿದೆ. ಹೆಂಗಸರ ನಡುವೆ ಮಹಾದೇವಿ ನನ್ನನ್ನೇ ನೋಡುತ್ತಿದ್ದಳು. ಇಪ್ಪತ್ತು ಮೊಳ ದೂರದಿಂದಲೂ ಆ ನೋಟಕ್ಕೆ ಎಲ್ಲ ಗೊತ್ತಾಗಿದೆ ಅನಿಸಿತು.

ಮಸೀದಿಯಿಂದ ಅಜಾನ್ ಕೇಳಿಸಿತು. ಶಾಹೀನ್ ತಟ್ಟೆಯಿಂದ ಒಂದು ಖರ್ಜೂರ ತೆಗೆದುಕೊಂಡಳು. ಅದನ್ನು ಎರಡು ಮಾಡಿ, ಬೀಜ ತೆಗೆದು, ದೊಡ್ಡ ತುಂಡನ್ನು ನನಗೆ ಚಾಚಿದಳು. ನನ್ನಿಂದ ತಡೆಯಲಾಗಲಿಲ್ಲ.

"ಶಾಹೀನ್, ಮಧ್ಯಾನ್ನ ನಾನು ನೀರು ಕುಡದೀನವ್ವಾ" ಎಂದೆ, ಅವಳೊಬ್ಬಳಿಗೇ ಕೇಳುವಂತೆ.

"ಗೊತ್ತದ್ರಿ ಸರ್" ಎಂದಳು ಅವಳೂ ಅಷ್ಟೇ ಮೆಲ್ಲಗೆ. "ಬಸ್ಯಾ ಆಗಳೇ ಬಂದು ಹೇಳ್ಯಾನ. ಎರಡು ಗ್ಲಾಸು." ನನ್ನ ಮುಖ ನೋಡಿ ಅವಳಿಗೆ ಏನನಿಸಿತೋ, ಖರ್ಜೂರವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಇರಲಿ ತಗೋರಿ. ಮೊದಲನೇದು ನಂದೂ ಹೋಗಿತ್ತಲ್ರಿ."

ಚುಚ್ಚಲಿಕ್ಕೆಂದು ಅವಳು ಹಾಗೆ ಹೇಳಲಿಲ್ಲ. ನನಗೆ ಸಮಾಧಾನ ಹೇಳುತ್ತಿದ್ದಳು. ಅವಳ ಮೊದಲನೆಯದು ಹೇಗೆ ಹೋಯಿತು, ಯಾರಿಂದ ಹೋಯಿತು ಎಂಬುದನ್ನು ಅವಳು ಆಗಲೇ ಬಿಟ್ಟುಬಿಟ್ಟಿದ್ದಳು. ಏಳು ವರ್ಷದ ಹುಡುಗಿ ನನ್ನನ್ನು ತನ್ನ ಸಮಕ್ಕೆ ಎತ್ತಿ ಕೂರಿಸಿಕೊಂಡಿದ್ದಳು. ನನಗೆ ಕಣ್ಣೆತ್ತಿ ನೋಡಲಾಗಲಿಲ್ಲ.

ಈಗಲಾದರೂ ಎದ್ದು ನಿಂತು, ಹಾರ ತೆಗೆದು, ಆ ಸೇಡಮದ ಹಿರಿಯರಿಗೆ, ಎಲ್ಲರಿಗೂ ನಿಜ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದೆ. ಒಂದು ಮೊಣಕಾಲನ್ನು ಎತ್ತಿಯೂ ಇದ್ದೆ. ಅಷ್ಟರಲ್ಲಿ ಬಿಸಿ ಬಿಸಿ ಭಜಿ ಬಂತು. ಕುಳಿತೆ.