ಹಾಡು ನನ್ನದು, ಹೀರೋ ಬೇರೆ

ಸಿನಿಮಾಕ್ಕೆ ಪ್ರೇಮಗೀತೆ ಬರೆಯುವವನು ಮದುವೆಯಾಗಬಾರದು. ಮದುವೆಯಾದರೂ ಮನೆಯಲ್ಲಿ ಕೂತು ಬರೆಯಬಾರದು. ನಾನು ಎರಡನ್ನೂ ಮಾಡಿದೆ.

ನಿರ್ದೇಶಕರು ಫೋನ್ ಮಾಡಿದ್ದರು. "ಒಂದು ನಿಧಾನದ ಹಾಡು ಬೇಕು ಸಾರ್. ಗಿಟಾರ್ ಇರ್ಬೇಕು, ಡ್ರಮ್ಸ್ ಇರ್ಬೇಕು, ಆದ್ರೆ ಮಲಗಿರೋ ಮಗು ಏಳಬಾರದು. ಅಷ್ಟು ಮೆತ್ತಗಿನ ರಾಕ್."

"ಕಥೆ ಏನು?"

"ಹುಡುಗ, ಹುಡುಗಿ, ಪ್ರೀತಿ. ಮಿಕ್ಕಿದ್ದು ಸಸ್ಪೆನ್ಸ್!"

ಸರಿ, ಗಿಟಾರ್ ತಬ್ಬಿಕೊಂಡು ಸೋಫಾದ ಮೇಲೆ ತಪಸ್ಸಿಗೆ ಕೂತೆ. "ನಿನ್ನ ಎಡಗೆನ್ನೆಯ ಗುಳಿಯೊಳಗೆ ನಾ ಬಿದ್ದೆ" ಎಂದು ಗುನುಗುವಷ್ಟರಲ್ಲಿ ಧರ್ಮಪತ್ನಿ ಕ್ಲಿನಿಕ್‌ನಿಂದ ಬಂದಳು. (ಆಕೆ ಹಲ್ಲಿನ ಡಾಕ್ಟರು. ಊರವರ ಬಾಯಿ ತೆರೆಸುತ್ತಾಳೆ, ನನ್ನದನ್ನು ಮುಚ್ಚಿಸುತ್ತಾಳೆ.)

"ಈ ಗುಳಿ ಯಾರದ್ದು?"

"ಯಾರದ್ದೂ ಅಲ್ಲ ಕಣೇ. ಬರೀ ಕಲ್ಪನೆ."

"ಕಲ್ಪನಾನಾ? ಎಷ್ಟು ದಿನದ ಪರಿಚಯ?"

ಒಳಗಿನಿಂದ ಅತ್ತೆಯವರ ದನಿ. "ಯಾರೇ ಅದು ಕಲ್ಪನಾ?"

"ನಿನ್ನ ಅಳಿಯನ್ನೇ ಕೇಳಮ್ಮ. ಗುಳಿಯೊಳಗೆ ಬಿದ್ದಿದಾರಂತೆ."

ಕಲ್ಪನೆ ಹೆಂಗಸಲ್ಲ, ಕವಿಸಹಜವಾದ ಒಂದು ಶಕ್ತಿ ಎಂದು ವಿವರಿಸಿದೆ. ಆಕೆ ನಗಲಿಲ್ಲ.

"ಇಷ್ಟು ವರ್ಷದಲ್ಲಿ ನನ್ನ ಮೇಲೆ ಒಂದು ಸಾಲು ಬರೆದಿದೀರಾ?"

"ಬರೆದಿದ್ನಲ್ಲ, ಫ್ರಿಜ್ ಮೇಲೆ ಅಂಟಿಸಿದ್ದೆ."

"‘ಹಾಲು ಒಡೆದಿದೆ’ ಅಂತ!"

ಕೂಗಾಡಿದ್ದರೆ ನನಗೆ ಅಭ್ಯಾಸವಿದೆ. ಆಕೆ ಕೋಣೆಗೆ ಹೋಗಿ ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಳು. ಆ ಸಣ್ಣ ಸದ್ದು ಎದೆಗೆ ನಾಟಿತು. ಅವಳು ಕೇಳಿದ್ದರಲ್ಲಿ ಸುಳ್ಳೇನಿತ್ತು?

ಮರುದಿನ ಗುಳಿ ಮುಚ್ಚಿದೆ. ಸುಮ್ಮನೆ ಕೂತು ಹೆಂಡತಿಯನ್ನು ನೋಡಿದೆ. ಅವಳ ಪಾಡಿಗೆ ಅವಳು ಓಡಾಡುತ್ತಿದ್ದಳು. ನೋಡಿದ್ದನ್ನು ನೋಡಿದ ಹಾಗೆ ಬರೆದೆ. ಅವಳು ತಲೆ ಬಾಚುತ್ತಿದ್ದಾಗ ಹಿಂದೆ ನಿಂತು ಹಾಡಿದೆ.

"ತಲೆಯ ಮೇಲಿನ ಕನ್ನಡಕ ಮನೆಯೆಲ್ಲ ಹುಡುಕುವವಳೇ, ನಾನೂ ಇಲ್ಲೇ ಇದ್ದೇನೆ, ಒಮ್ಮೆ ನನ್ನನ್ನೂ ಹುಡುಕು. ತಣ್ಣನೆಯ ನಿನ್ನ ಕೈ ಕೆನ್ನೆಗೆ ತಾಗಿದರೆ, ನೋವೆಲ್ಲಿತ್ತೋ ಮರೆತೇಹೋಯ್ತು..."

ಬಾಚಣಿಗೆ ಕೂದಲಲ್ಲೇ ನಿಂತಿತು.

"ಕನ್ನಡಕದ್ದು ನಿಜ," ಎಂದಳು. "ಆದ್ರೆ ನನ್ನ ಕೈ ತಣ್ಣಗೇನಿಲ್ಲ." ಎಂದು ನನ್ನ ಕೆನ್ನೆಗೆ ಹಚ್ಚಿ ತೋರಿಸಿದಳು. ಮಂಜುಗಡ್ಡೆ! ನಾನು ಬೆಚ್ಚಗಿದೆ ಎಂದೆ.

ನಿರ್ದೇಶಕರು ಹಾಡು ಕೇಳಿ ಕುಣಿದರು. ನನ್ನಾಕೆ ಕ್ಲಿನಿಕ್‌ಗೆ ಬಂದವರಿಗೆಲ್ಲ, "ಇದು ನನ್ನ ಹಾಡು, ಕೇಳಿ" ಎಂದು ಹೇಳಿಯೇ ಕೆಲಸ ಶುರು ಮಾಡುತ್ತಿದ್ದಳು. (ಬಾಯಿ ತೆರೆದು ಕೂತವರು ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತಾರೆ?) ಸಿನಿಮಾ ಬಿಡುಗಡೆಯ ದಿನ ಒಂದಿಡೀ ಸಾಲಿನ ಟಿಕೆಟ್ ತೆಗೆಸಿದಳು. ಅತ್ತೆ, ನರ್ಸುಗಳು, ಹಲ್ಲು ಕಟ್ಟಿಸಿಕೊಂಡವರು, ಕಟ್ಟಿಸಿಕೊಳ್ಳಲಿರುವವರು, ನಟ್ಟನಡುವೆ ಮದುಮಗನಂತೆ ನಾನು.

ಪರದೆಯ ಮೇಲೆ ನಾಯಕಿ ಬಂದಳು, ತಲೆಯ ಮೇಲೆ ಕನ್ನಡಕ. ಸಾಲಿಗೆ ಸಾಲೇ ಚಪ್ಪಾಳೆ. ಹಿಂದೆಯೇ ಅವಳ ಗಂಡ ಬಂದ! ಹೌದು, ಹುಡುಗಿಗೆ ಮದುವೆಯಾಗಿತ್ತು, ಸಸ್ಪೆನ್ಸ್ ಅಂದರೆ ಅದೇ. ಗಂಡನೆಂಬ ಆ ಪ್ರಾಣಿಗೆ ಹೊಟ್ಟೆ ದೊಡ್ಡದು, ಕೂದಲು ಕಮ್ಮಿ, ಹೆಂಡತಿ ಏನು ಕೇಳಿದರೂ "ಹ್ಞಾಂ?" ಅನ್ನುವುದೊಂದೇ ಡೈಲಾಗು. ಆಮೇಲೆ ಎದುರು ಮನೆಯ ಬಾಲ್ಕನಿಯಲ್ಲಿ ಹೀರೋ ಗಿಟಾರ್ ಮೀಟಿದ. ನನ್ನ ಹಾಡು! ಹಾಡಿನ ಕೊನೆಗೆ ನಾಯಕಿ ಚಪ್ಪಲಿ ಮೆಟ್ಟಿ ಇಳಿದುಬಂದು ಅವನ ಬೈಕ್ ಹತ್ತಿದಳು. ಥಿಯೇಟರ್ ಎದ್ದು ಕುಣಿಯಿತು. ಒಂದು ಸಿಳ್ಳೆ ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು. ತಿರುಗಿದರೆ, ಅತ್ತೆ!

ಹೊರಗೆ ಎಲ್ಲರೂ ಹೆಂಡತಿಯ ಕೈ ಕುಲುಕಿದರು. ನನ್ನನ್ನು ಮಾತ್ರ ಸಾವಿನ ಮನೆಯಲ್ಲಿ ಕಂಡಂತೆ ನೋಡಿ, ಹೆಗಲು ತಟ್ಟಿ ಹೋದರು.

ಕಾರಿನ ಹತ್ತಿರ ತಡೆಯಲಾಗದೆ ಕೇಳಿಯೇಬಿಟ್ಟೆ. "ಆ ಗಂಡ ನನ್ನ ಥರ ಇದ್ದ ಅಂತ ಅನಿಸ್ತಾ ನಿಂಗೆ?"

"ಛೆ, ಛೆ! ಎಲ್ಲಿ ಅವನು, ಎಲ್ಲಿ ನೀವು!"

ಹೋದ ಜೀವ ಬಂದಂತಾಯಿತು.

"ಅವನು ಪಾತ್ರೆನಾದ್ರೂ ತೊಳೀತಿದ್ದ, ಪಾಪ."